ಅಲುಗಾಡಿದವನ ಫೋಟೋ

ನಮ್ಮ ಮನೆಯಲ್ಲಿ ಒಂದು ಲ್ಯಾಂಡ್‌ಲೈನ್ ಫೋನಿದೆ. ಈ ಕಾಲದಲ್ಲಿ, ಡೆಟ್ರಾಯಿಟ್ ಪಕ್ಕದ ಈ ನೋವೈ ಊರಿನಲ್ಲಿ, ಗೋಡೆಯಿಂದ ತಂತಿ ಎಳೆದು ಟೀವಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ, ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಫೋನು. ದಿನಕ್ಕೆ ಆರೇಳು ಸಲ ಅದು ಬಡಿದುಕೊಳ್ಳುತ್ತದೆ. ಬಡಿದುಕೊಂಡಾಗಲೆಲ್ಲ ನಾನು ಇದ್ದಲ್ಲಿಂದ ಎದ್ದು ಓಡುತ್ತೇನೆ. ಬಚ್ಚಲಿನಿಂದ ಟವೆಲ್ ಸುತ್ತಿಕೊಂಡು ಓಡಿದ್ದೇನೆ. ಡ್ರೈವ್‌ವೇಯಲ್ಲಿ ಸ್ನೋ ಬಾಚುತ್ತಿದ್ದವನು ಸಲಿಕೆ ಬಿಸಾಕಿ, ಬೂಟುಗಾಲಿನಲ್ಲೇ ಕಾರ್ಪೆಟ್ ತುಳಿದು ಹೆಂಡತಿಯ ಕೈಲಿ ಬೈಸಿಕೊಂಡಿದ್ದೇನೆ. ಮನೆಯಿಂದ ಕೆಲಸ ಮಾಡುವ ದಿನ, ಬ್ರೇಕ್ ಪೆಡಲಿನ ಬಗ್ಗೆ ಹನ್ನೆರಡು ಜನ ಗಂಭೀರವಾಗಿ ಮಾತಾಡುತ್ತಿದ್ದ ಮೀಟಿಂಗನ್ನು ಅರ್ಧಕ್ಕೆ ಬಿಟ್ಟು ಓಡಿದ್ದೇನೆ.

ಯಾರ ಫೋನು ಎಂದು ಕೇಳುತ್ತೀರಾ? ನಿಮ್ಮ ಕಾರಿನ ವಾರಂಟಿ ಮುಗಿಯುತ್ತಾ ಬಂತು ಎನ್ನುವವರದು. ನಿಮ್ಮ ಮನೆಯ ಚಾವಣಿ ಸೋರುತ್ತಿದೆಯೇ ಎನ್ನುವವರದು. ಹೀಟರಿನ ಕೊಳವೆಯೊಳಗೆ ಧೂಳು ಎಷ್ಟಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರದು. ಹನ್ನೊಂದು ವರ್ಷದ ನನ್ನ ಮಗಳು ಸೋಫಾದಿಂದ ತಲೆಯನ್ನೂ ಎತ್ತದೆ, "ಅಪ್ಪಾ, ಇಟ್ಸ್ ಸ್ಪ್ಯಾಮ್. ಜಸ್ಟ್ ಡೋಂಟ್ ಪಿಕ್ ಅಪ್" ಎನ್ನುತ್ತಾಳೆ. ದೇವಸ್ಥಾನದ ಊಟದ ಸಾಲಿನಲ್ಲಿ ಸ್ನೇಹಿತರು, "ಏನ್ರೀ ಶ್ರೀಧರ್, ಇನ್ನೂ ಎಲ್ಲಾ ಫೋನೂ ಎತ್ತುತ್ತೀರಂತೆ? ಅಷ್ಟು ಟೈಮ್ ಇದ್ರೆ ಈ ಬಕೆಟ್ ಹಿಡೀರಿ, ಸಾರು ಬಡ್ಸಿ" ಎಂದು ಕಾಲೆಳೆಯುತ್ತಾರೆ. ಇರಲಾರದೆ ಇರುವೆ ಬಿಟ್ಟುಕೊಂಡವನು ಎಂದು ನನ್ನ ಹೆಂಡತಿ ವಿದ್ಯಾಳ ತೀರ್ಮಾನ. ಅದರಲ್ಲಿ ಸುಳ್ಳೇನಿಲ್ಲ. ಈ ಇರುವೆಯನ್ನು ನಾನೇ ಕೇಳಿ ತಂದುಕೊಂಡೆ.

ಮೊದಲೇ ನಾನು ಒಂದು ಕಡೆ ಕೂರುವ ಪ್ರಾಣಿಯಲ್ಲ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೋ" ಎಂದು ನಮ್ಮಮ್ಮ ಮೈಸೂರಿನಲ್ಲಿ ಹೇಳುತ್ತಿದ್ದುದನ್ನು ಈಗ ಪ್ರತಿ ವರ್ಷ ಆರು ತಿಂಗಳು ಇಲ್ಲಿಗೇ ಬಂದು ಹೇಳುತ್ತಾಳೆ. ಕಾಫಿಯನ್ನು ಅಡುಗೆಮನೆಯಲ್ಲಿ ಶುರು ಮಾಡಿ ಗ್ಯಾರೇಜಿನಲ್ಲಿ ಮುಗಿಸುತ್ತೇನೆ. ಲೋಟ ಎಲ್ಲಿಟ್ಟೆನೆಂದು ಹುಡುಕುವಾಗ ಕಳೆದ ವಾರದ ಲೋಟ ಸಿಗುತ್ತದೆ. ಫ್ರೀವೇಯಲ್ಲಿ ಟ್ರಾಫಿಕ್ ನಿಂತರೆ ನನಗೆ ಅಂಗೈ ಬೆವರುತ್ತದೆ. ನಿಧಾನವಾಗಿ ಹೋಗುವ ಲೇನ್ ಯಾವುದೆಂದು ತಿಳಿಯಬೇಕಾದರೆ ನಾನು ಯಾವುದರಲ್ಲಿದ್ದೇನೆ ನೋಡಿದರೆ ಸಾಕು.

ಇದಕ್ಕೆ ದಾಖಲೆಯೂ ಇದೆ. ನನಗೆ ಮೂರು ವರ್ಷವಾದಾಗ, ಚೌಲಕ್ಕೆ ಮುಂಚೆ, ಬೆಳೆದ ಕೂದಲು ಸುಮ್ಮನೆ ಹೋಗುತ್ತದಲ್ಲ ಎಂದು ಅಮ್ಮ ನನಗೆ ಲಂಗ ಉಡಿಸಿ, ಮೊಗ್ಗಿನ ಜಡೆ ಹೆಣೆದು, ಸೊಂಟಕ್ಕೆ ಪಕ್ಕದ ಮನೆಯ ಡಾಬು ಕಟ್ಟಿ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳು. ನಮ್ಮ ಕಡೆಯ ಗಂಡುಮಕ್ಕಳಲ್ಲಿ ಅನೇಕರು ಈ ಫೋಟೋವನ್ನು ಮದುವೆಯ ತನಕ ಬಚ್ಚಿಡುತ್ತಾರೆ, ಮದುವೆಯಾದ ಮೇಲೆ ಹೆಂಡತಿಯೇ ಹುಡುಕಿ ತೆಗೆಯುತ್ತಾಳೆ. ಜಡೆ ಕಾಣಲಿ ಎಂದು ಬೆನ್ನ ಹಿಂದೆ ಕನ್ನಡಿ ಇಟ್ಟಿದ್ದರು. ಸ್ಟುಡಿಯೋದ ಯಜಮಾನರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ "ಅಲುಗಾಡ್ಬೇಡ ಮರೀ, ಅಲುಗಾಡ್ಬೇಡ" ಎನ್ನುತ್ತಲೇ ಇದ್ದರಂತೆ. ಕನ್ನಡಿಯಲ್ಲಿರುವ ಹುಡುಗಿ ಯಾರೆಂದು ನಾನು ತಿರುಗಿ ನೋಡಿದೆ. ಜಡೆ ಒಂದೊಂದು ಮೊಗ್ಗೂ ಎಣಿಸುವಷ್ಟು ಸ್ಪಷ್ಟವಾಗಿದೆ, ಮುಖ ಮಾತ್ರ ಒದ್ದೆ ಸ್ಲೇಟನ್ನು ಅಂಗೈಯಲ್ಲಿ ಒರೆಸಿದ ಹಾಗಿದೆ. ಇದನ್ನೇಕೆ ಹೇಳಿದೆನೆಂದರೆ, ಈ ಫೋಟೋ ಇಲ್ಲದಿದ್ದರೆ ಆ ಫೋನೂ ಇರುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಡಾಟಿ ಇದ್ದರು. ಎಂಬತ್ತಾರು ವರ್ಷ. ನನ್ನ ಮಗಳು ಡಾಟಿ ಅಜ್ಜಿ ಎಂದು ಕರೆಯುತ್ತಿದ್ದುದರಿಂದ ನಾವೂ ಹಾಗೇ ಎನ್ನುತ್ತಿದ್ದೆವು. ಇಲ್ಲಿನವರು ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆ ಏಳುವುದಕ್ಕೆ ಎಷ್ಟೋ ಮುಂಚೆ, ಇಲ್ಲೆಲ್ಲ ಮುಸುಕಿನ ಜೋಳದ ಹೊಲವಿದ್ದಾಗ ಅವರು ಮದುವೆಯಾಗಿ ಬಂದ ಮರದ ಮನೆ ಅದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನಮ್ಮ ಮನೆಗಳ ಸಾಲಿನಲ್ಲಿ ಅದೊಂದೇ ಬೇರೆ ಮುಖ ಹೊತ್ತು ನಿಂತಿತ್ತು. ಅಜ್ಜಿಯ ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ಅಂಚಿನದು ಮಾತ್ರ ಉಳಿದಿತ್ತು. ನನ್ನತ್ತ ನೇರವಾಗಿ ನೋಡಿದರೆ ನಾನು ಕಾಣುತ್ತಿರಲಿಲ್ಲ, ಪಕ್ಕದ ಗಿಡವನ್ನು ನೋಡಿದರೆ ಕಾಣುತ್ತಿದ್ದೆ. ಹೀಗಾಗಿ ಅವರು ಗಿಡದ ಜೊತೆ ಮಾತಾಡುತ್ತಿದ್ದಾರೆಂದು ಮೊದಮೊದಲು ಅಮ್ಮ ತಿಳಿದಿದ್ದಳು.

ಕಳೆದ ಸೆಪ್ಟೆಂಬರಿನಲ್ಲಿ ಅವರ ಕಸದ ಡಬ್ಬವನ್ನು ಒಳಗೆ ತಳ್ಳಿಕೊಟ್ಟಾಗ ಅಜ್ಜಿ ಗಿಡದತ್ತ ನೋಡುತ್ತಾ ಕೇಳಿದರು: "ಹನೀ, ನಿಂಗೆ ದಿನಾ ಒಂದು ಗಂಟೆ ಕೂತ್ಕೊಳಕ್ಕಾಗುತ್ತಾ?"

ಬೇರೇನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ಇದಕ್ಕೆ ಹೂಂ ಎನ್ನುವ ಮೊದಲು ಕಸದ ಡಬ್ಬವನ್ನು ಎರಡು ಸಲ ಅತ್ತಿತ್ತ ಸರಿಸಿದೆ.

ವಿಷಯ ಇಷ್ಟು. ಇನ್ನು ಮೂರು ವಾರದಲ್ಲಿ ಅಜ್ಜಿ ಚಿಕಾಗೋ ಹತ್ತಿರದ ಇಟಾಸ್ಕಾಕ್ಕೆ, ಮಗಳು ಶೆರಿಲ್ ಮನೆಗೆ ಹೋಗಬೇಕಿತ್ತು. ಅವರ ಹತ್ತಿರ ಬೂಟಿನ ರಟ್ಟಿನ ಪೆಟ್ಟಿಗೆಯ ತುಂಬ ಹಳೆಯ ಫೋಟೋಗಳಿದ್ದವು. ಅವರು ಹುಟ್ಟಿದ್ದು ವೆಸ್ಟ್ ವರ್ಜೀನಿಯಾದಲ್ಲಿ, ಒಹಾಯೋ ನದಿಯ ದಡದ ಒಂದು ಸಣ್ಣ ಊರಿನಲ್ಲಿ. ಹಿಂದೆ ಬೆಟ್ಟ, ಮುಂದೆ ಹೊಳೆ, ನಡುವೆ ಒಂದೇ ಬೀದಿ. ಅವರಪ್ಪ ಆ ಬೀದಿಯ ಕ್ಷೌರಿಕರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡು, ಕ್ಷೌರ ಮಾಡಿಸಿಕೊಂಡವರ ಫೋಟೋವನ್ನೂ ತೆಗೆಯುತ್ತಿದ್ದರು. ಅಜ್ಜಿಗೆ ಹನ್ನೆರಡು ವರ್ಷವಾದಾಗ ಮನೆಮಂದಿಯೆಲ್ಲ ಡೆಟ್ರಾಯಿಟ್‌ಗೆ ಬಂದರು, ಅಪ್ಪ ಕಾರಿನ ಕಾರ್ಖಾನೆ ಸೇರಿದರು. ಅಜ್ಜಿಯ ಬಾಯಲ್ಲಿ ಆ ಊರಿಗೆ ಹೆಸರಿರಲಿಲ್ಲ. "ಡೌನ್ ಹೋಮ್" ಎನ್ನುತ್ತಿದ್ದರು, ನಾವು ಇಲ್ಲಿ ಕೂತು "ಊರಲ್ಲಿ" ಎನ್ನುತ್ತೇವಲ್ಲ ಹಾಗೆ.

ಆ ಫೋಟೋಗಳಲ್ಲಿ ಒಂದರ ಹಿಂದೆಯೂ ಹೆಸರು ಬರೆದಿರಲಿಲ್ಲ. ಅಪ್ಪನಿಗೆ ಎಲ್ಲರೂ ಗೊತ್ತಿದ್ದರು, ಬರೆಯುವ ಅಗತ್ಯ ಬೀಳಲಿಲ್ಲ. ಈಗ ಗೊತ್ತಿರುವವರು ಅಜ್ಜಿ ಒಬ್ಬರೇ, ಅವರಿಗೆ ಕಣ್ಣಿಲ್ಲ. "ಹೆಸರಿಲ್ದಿದ್ರೆ ಶೆರಿಲ್ ಇದನ್ನ ಇಟ್ಕೊಳಲ್ಲ. ಇಟ್ಕೊಂಡ್ರೂ ಅವಳ ಮಕ್ಕಳು ಇಟ್ಕೊಳಲ್ಲ" ಎಂದರು. ನಾನು ಫೋಟೋ ನೋಡಿ ವರ್ಣಿಸಬೇಕು, ಅವರು ಯಾರೆಂದು ಹೇಳಬೇಕು, ನಾನು ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬೇಕು. ದಿನಾ ಸಂಜೆ ಆರರಿಂದ ಏಳು. ಕೂತು.

ಮೊದಲ ದಿನವೇ ನನ್ನ ವರ್ಣನೆಯ ಯೋಗ್ಯತೆ ಬಯಲಾಯಿತು. ಹೊಳೆಯಲ್ಲಿ ಸೊಂಟದ ಮಟ್ಟ ಇಳಿದು ನಿಂತ ಹತ್ತಿಪ್ಪತ್ತು ಜನ, ಬಿಳಿಯ ಬಟ್ಟೆ, ದಡದಲ್ಲಿ ಛತ್ರಿ ಹಿಡಿದ ಹೆಂಗಸರು. ಶ್ರೀರಂಗಪಟ್ಟಣದಲ್ಲಿ ತುಲಾಸ್ನಾನ ನೋಡಿ ಬೆಳೆದವನು ನಾನು. "ಯಾವುದೋ ಪುಣ್ಯಕಾಲ, ಎಲ್ಲರೂ ಹೊಳೆಯಲ್ಲಿ ಮೀಯುತ್ತಿದ್ದಾರೆ, ನಡುವೆ ಪುರೋಹಿತರಿದ್ದಾರೆ" ಎಂದೆ. ಅಜ್ಜಿ ಬಹಳ ಹೊತ್ತು ಯೋಚಿಸಿ, ಅದು ಬ್ಯಾಪ್ಟಿಸಂ ಎಂದೂ, ನಡುವಿನವರು ಪಾದ್ರಿ ನಿಜವಾದರೂ ವಾರದ ಉಳಿದ ದಿನ ಐಸ್ ಮಾರುತ್ತಿದ್ದರೆಂದೂ, ನೀರು ತಣ್ಣಗಿದೆ ಎಂದು ಯಾರಾದರೂ ಗೊಣಗಿದರೆ ಅವರಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತೆಂದೂ ಹೇಳಿದರು.

ಆಮೇಲೊಂದು ಪ್ರವಾಹದ ಫೋಟೋ. ಬೀದಿಯ ತುಂಬ ನೀರು, ಅಂಗಡಿಗಳ ಹೆಸರಿನ ಹಲಗೆ ಮಾತ್ರ ಮೇಲೆ ಕಾಣುತ್ತಿದೆ. ಮಹಡಿಯ ಕಿಟಕಿಗೆ ಒಂದು ದೋಣಿ ಕಟ್ಟಿದೆ, ಕಿಟಕಿಯೊಳಗೆ ಒಬ್ಬನ ಗಲ್ಲದ ತುಂಬ ಸೋಪಿನ ನೊರೆ. "ಅದು ನಮ್ಮಂಗಡಿನೇ. ನೀರು ಬಂದ್ರೆ ಕುರ್ಚಿ ಮೇಲಕ್ಕೆ ಹೋಗ್ತಿತ್ತು, ಗಿರಾಕಿಗಳು ದೋಣಿಯಲ್ಲಿ ಬರ್ತಿದ್ರು. ಗಡ್ಡ ಬೆಳೆಯೋದು ನಿಲ್ಲುತ್ತಾ?" ಎಂದರು ಅಜ್ಜಿ. ಇನ್ನೊಂದರಲ್ಲಿ ಮನೆಯ ಮುಂದಿನ ಜಗಲಿ, ತೊಲೆಯಿಂದ ಸಾಲಾಗಿ ಇಳಿಬಿಟ್ಟ ಹಾರಗಳು. "ಹಬ್ಬಕ್ಕೆ ತೋರಣ ಕಟ್ಟಿದ್ದಾರೆ" ಎಂದೆ. ತೋರಣವಲ್ಲ, ಹುರುಳಿಕಾಯಿ. ಅವರಮ್ಮ ಸೂಜಿದಾರದಲ್ಲಿ ಹುರುಳಿಕಾಯಿ ಪೋಣಿಸಿ, ಒಣಹಾಕಿ, ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರಂತೆ. ಈ ಫೋಟೋವನ್ನು ಮನೆಗೆ ಒಯ್ದು ಅಮ್ಮನಿಗೆ ತೋರಿಸಿದೆ. ಹಪ್ಪಳ ಸಂಡಿಗೆಯ ವಂಶದವಳಾದ ಆಕೆ, "ಜಗಲಿ ಮೇಲೆ ಬಿಸಿಲೆಲ್ಲಿ ಬೀಳುತ್ತೋ? ಅಂಗಳಕ್ಕೆ ಹಾಕ್ಬೇಕಿತ್ತು" ಎಂದು ಎಂದೋ ಒಣಗಿ, ಬೆಂದು, ಜೀರ್ಣವಾದ ಆ ಹುರುಳಿಕಾಯಿಯ ಚಿಂತೆ ಮಾಡಿದಳು.

ಹೀಗೆ ಒಂದು ವಾರ ನಡೆಯಿತು. ನಾನು ಹತ್ತು ನಿಮಿಷಕ್ಕೊಮ್ಮೆ ಏಳುತ್ತಿದ್ದೆ. ನೀರು ಕುಡಿಯಲು, ಕಿಟಕಿ ಮುಚ್ಚಲು, ಮುಚ್ಚಿದ್ದನ್ನು ತೆಗೆಯಲು. ಅಜ್ಜಿಗೆ ಕಣ್ಣು ಕಾಣದಿದ್ದರೂ ಕುರ್ಚಿಯ ಸದ್ದು ಕೇಳುತ್ತಿತ್ತು. ಎಂಟನೆಯ ದಿನ ಒಂದು ಪುಟ್ಟ ಫೋಟೋ ಕೈಗೆ ಬಂತು. ಅಂಗಡಿಯ ಮೆಟ್ಟಿಲ ಮೇಲೆ ಫ್ರಾಕ್ ತೊಟ್ಟ ಮಗು, ಭುಜದ ತನಕ ಗುಂಗುರು ಕೂದಲು. ಮುಖ ಒರೆಸಿಹೋಗಿತ್ತು. ನಾನು ತಕ್ಷಣ, "ಇದು ಗಂಡುಮಗು" ಎಂದೆ.

ಅಜ್ಜಿ ಕಿಟಕಿಯ ಬಳಿಯ ಗಿಡವನ್ನು ನೋಡುವುದು ಬಿಟ್ಟು ನನ್ನತ್ತಲೇ ತಿರುಗಿದರು. "ನಿಂಗೆ ಹೇಗೆ ಗೊತ್ತಾಯ್ತು? ಶೆರಿಲ್ ಕೂಡ ಅದನ್ನ ನಾನೇ ಅಂದ್ಕೊಂಡಿದಾಳೆ."

ನಾನು ನನ್ನ ಮೊಗ್ಗಿನ ಜಡೆಯ ಕಥೆ ಹೇಳಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಾಲದಲ್ಲಿ ಅವರ ಕಡೆಯೂ ಕೆಲವು ತಾಯಂದಿರು ಗಂಡುಮಕ್ಕಳಿಗೆ ಮೊದಲ ಕ್ಷೌರದ ತನಕ ಫ್ರಾಕ್ ತೊಡಿಸುತ್ತಿದ್ದರಂತೆ. ಕ್ಷೌರಿಕರ ಮಗನಿಗೇ ಕ್ಷೌರ ತಡವಾಯಿತೆಂದು ಊರೆಲ್ಲ ಆಡಿಕೊಂಡಿತ್ತಂತೆ. "ಅದು ಅರ್ಲ್. ನಮ್ಮಣ್ಣ. ಐದು ವರ್ಷ ದೊಡ್ಡವನು. ಮುಖ ಸರಿಯಾಗಿ ಬಂದಿರಲ್ಲ ಅಲ್ವಾ? ಯಾವುದ್ರಲ್ಲೂ ಬಂದಿಲ್ಲ ಬಿಡು. ಅಪ್ಪ ಅಲುಗಾಡ್ಬೇಡ ಅಂದಷ್ಟೂ ಅಲುಗಾಡ್ತಿದ್ದ."

ನಿಜ. ಅಲ್ಲಿಂದ ಮುಂದೆ ನಾನು ಬೇರೆಯವರನ್ನು ಬಿಟ್ಟು ಅವನನ್ನೇ ಹುಡುಕತೊಡಗಿದೆ. ಶಾಲೆಯ ಗುಂಪಿನಲ್ಲಿ ಮೂವತ್ತು ಮುಖ ಕಲ್ಲಿನಲ್ಲಿ ಕೊರೆದಂತೆ, ಮೂವತ್ತೊಂದನೆಯದು ಹೊಗೆ. ಮದುವೆಯ ಫೋಟೋದ ಅಂಚಿನಲ್ಲಿ ಎರಡು ಬೂಟು ಸ್ಪಷ್ಟ, ಮೇಲಿನದೆಲ್ಲ ಮಸುಕು. ನನಗೆ ಅವನ ಮೇಲೆ ವಿಪರೀತ ಪ್ರೀತಿ ಹುಟ್ಟಿತು. ಕೂರಲಾಗದವನ ಸಂಕಟ ಕೂರಲಾಗದವನಿಗೇ ಗೊತ್ತು.

ನಾವು ಹಾಗೆ ಕೂತಿದ್ದಾಗ ಅಜ್ಜಿಯ ಮನೆಯ ಫೋನು ಬಡಿದುಕೊಳ್ಳುತ್ತಿತ್ತು. ಅಜ್ಜಿ ಮೇಜು ಹಿಡಿದು, ಗೋಡೆ ಹಿಡಿದು, ಅವಸರದಲ್ಲಿ ಮಂಡಿಗೆ ಏನಾದರೂ ತಗುಲಿಸಿಕೊಂಡು ಹೋಗಿ ಎತ್ತುತ್ತಿದ್ದರು. "ಹಲೋ, ಡಾಟಿ ಮಾತಾಡ್ತಿರೋದು." ಆ ಕಡೆ ವಾರಂಟಿ. "ಇಲ್ಲ ಹನೀ, ನಾನು ಡ್ರೈವ್ ಮಾಡಲ್ಲ, ಥ್ಯಾಂಕ್ಯೂ." ಮತ್ತೆ ಗೋಡೆ ಹಿಡಿದು ವಾಪಸು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಬಿದ್ದು ಸೊಂಟ ಮುರ್ಕೊಂಡ್ರೆ? ಆ ಫೋನನ್ನ ಕಿತ್ತು ಹಾಕ್ಬಾರ್ದಾ?" ಎಂದು ರೇಗಿದೆ.

ಅಜ್ಜಿ ಕೂತು, ಉಸಿರು ಸುಧಾರಿಸಿಕೊಂಡು ಹೇಳಿದರು. ಮನೆಮಂದಿ ಡೆಟ್ರಾಯಿಟ್‌ಗೆ ಹೊರಟಾಗ ಹದಿನೇಳರ ಅರ್ಲ್ ಹೊಳೆ ಬಿಟ್ಟು ಬರುವುದಿಲ್ಲ ಎಂದು ಅಪ್ಪನ ಹತ್ತಿರ ಜಗಳವಾಡಿ, ಕಲ್ಲಿದ್ದಲು ಸಾಗಿಸುವ ದೋಣಿಯಲ್ಲಿ ಕೆಲಸಕ್ಕೆ ಸೇರಿ ಹೋಗಿಬಿಟ್ಟ. ವರ್ಷಗಳಾದ ಮೇಲೆ, ಅಜ್ಜಿ ಈ ಮನೆಗೆ ಬಂದು ಶೆರಿಲ್ ಹುಟ್ಟಿದ ವರ್ಷ, ಊರಿನ ಯಾರಿಂದಲೋ ನಂಬರ್ ಪಡೆದು ಒಂದೇ ಒಂದು ಸಲ ಫೋನ್ ಮಾಡಿದ್ದ. "ನಾನೀಗ ದೋಣಿ ಬದಲಾಯಿಸ್ತಾ ಇದೀನಿ, ಒಂದು ಕಡೆ ನೆಲೆ ನಿಂತ ಮೇಲೆ ಮತ್ತೆ ಮಾಡ್ತೀನಿ" ಎಂದಿದ್ದ. ಅಷ್ಟೇ.

"ಅವನ ಹತ್ರ ಇರೋದು ಈ ನಂಬರ್ ಒಂದೇ" ಎಂದರು ಅಜ್ಜಿ. "ನಮ್ಮೆಜಮಾನ್ರು ಫ್ಲೋರಿಡಾಗೆ ಹೋಗೋಣ ಅಂದ್ರು, ನಾನು ಬರಲ್ಲ ಅಂದೆ. ಅವರು ತೀರ್ಕೊಂಡಾಗ ಶೆರಿಲ್ ಕರೆದ್ಲು, ಬರಲ್ಲ ಅಂದೆ. ಈಗ ಕಣ್ಣು ಹೋಯ್ತು, ಇನ್ನು ಹೋಗಲೇಬೇಕು. ಸ್ಟೇಟ್ ದಾಟಿದ್ರೆ ಈ ನಂಬರ್ ಜೊತೆಗೆ ಬರಲ್ವಂತೆ." ಫೋಟೋ ಪೆಟ್ಟಿಗೆಯ ಅಂಚು ಸವರುತ್ತಾ, "ಅವನಿಗೀಗ ತೊಂಬತ್ತೊಂದು" ಎಂದರು. ನಾನು ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆ ಹೆಸರಿನವರು ನದಿಯುದ್ದಕ್ಕೂ ಎಷ್ಟೋ ಜನ, ಅವನೆಂದು ಹೇಳಬಹುದಾದವನು ಒಬ್ಬನೂ ಇಲ್ಲ. ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಮೊದಲಿಗಿಂತ ಹೆಚ್ಚಾಗಿ.

ಪೆಟ್ಟಿಗೆಯ ತಳದಲ್ಲಿ ಅವನು ಸಿಕ್ಕಿದ. ಹೊಳೆ ದಾಟಿಸುವ ದೋಣಿಯ ಕಟಕಟೆಗೆ ಒರಗಿ ನಿಂತ ಹದಿನಾರು ಹದಿನೇಳರ ಹುಡುಗ. ತೋಳು ಮಡಿಚಿದ ಅಂಗಿ, ಹಣೆಯ ಮೇಲೆ ಬಿದ್ದ ಕೂದಲು, ಸ್ವಲ್ಪ ಸೊಟ್ಟಗಿನ ನಗು. ಮುಖ ಪೂರ್ತಿ ಸ್ಪಷ್ಟ. ದೋಣಿಯೇ ಚಲಿಸುತ್ತಿದ್ದುದರಿಂದ ತಾನು ಅಲುಗಾಡಬೇಕೆಂದು ಅವನಿಗೆ ಅನಿಸಿರಲಿಲ್ಲವೇನೋ. ನಾನು ವರ್ಣಿಸಿದೆ. ಅಜ್ಜಿ ಫೋಟೋವನ್ನು ತೆಗೆದುಕೊಂಡು, ಕಣ್ಣಿನ ಅಂಚಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿ, "ಇಷ್ಟು ಚಿಕ್ಕದು ಕಾಣಲ್ಲ" ಎಂದು ವಾಪಸು ಕೊಟ್ಟರು.

ಸರಿ, ದೊಡ್ಡದು ಮಾಡಿಸಿದರಾಯಿತು ಎಂದು ನನಗೆ ಹೊಳೆಯಿತು. ಸ್ಕ್ಯಾನ್ ಮಾಡಿ, ಎರಡಡಿ ಎತ್ತರಕ್ಕೆ ಪ್ರಿಂಟ್ ಹಾಕಿಸಿ, ಕಪ್ಪು ಫ್ರೇಮು ಕಟ್ಟಿಸಿದೆ. ಅಜ್ಜಿ ಹೊರಡುವ ಹಿಂದಿನ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ, ಆಗ ಕೊಡುವುದೆಂದು ನಿಶ್ಚಯವಾಯಿತು. ಬೆಳಿಗ್ಗೆ ಫ್ರೇಮನ್ನು ತಂದು ಹಾಲಿನ ಮೇಜಿನ ಮೇಲೆ ಗೋಡೆಗೆ ಒರಗಿಸಿ, "ಅಮ್ಮಾ, ಇದು ಡಾಟಿ ಅಜ್ಜಿಯ ಅಣ್ಣಂದು. ಗಾಜು ಸ್ವಲ್ಪ ಒರೆಸಿಡು" ಎಂದವನೇ ಕರಿಬೇವು ತರಲು ಓಡಿದೆ. ಆಮೇಲೆ ಮೊಸರು ಮರೆತೆನೆಂದು ಮತ್ತೊಮ್ಮೆ ಓಡಿದೆ. ಎರಡು ನಿಮಿಷ ಕೂತು ಆ ಹುಡುಗನ ಕಥೆಯನ್ನು ಅಮ್ಮನಿಗೆ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಅಜ್ಜಿಯ ತೋಳು ಹಿಡಿದು ಒಳಗೆ ಕರೆತಂದಾಗ ಬಾಗಿಲಲ್ಲೇ ಅವರು ನಿಂತರು. "ಎಷ್ಟು ಚೆನ್ನಾಗಿದೆ ವಾಸನೆ! ಸೀಡರ್ ಮರದ ಪೆಟ್ಟಿಗೆ ತೆಗೆದ ಹಾಗೆ."

ಅದು ಶ್ರೀಗಂಧ. ಮೇಜಿನ ಮೇಲೆ ಅರ್ಲ್ ನಿಂತಿದ್ದ. ಹಣೆಗೆ ಸರಿಯಾಗಿ ಗಾಜಿನ ಮೇಲೆ ಗಂಧದ ಬೊಟ್ಟು. ಕೊರಳಿಗೆ ಗಂಧದ ಚಕ್ಕೆಯ ಹಾರ. ಮುಂದೆ ಒಂದು ಪುಟ್ಟ ದೀಪ.

ಅಮ್ಮನ ತಪ್ಪೇನಿದೆ, ನೀವೇ ಹೇಳಿ. ಒಬ್ಬನೇ ನಿಂತಿರುವ ಕಪ್ಪುಬಿಳುಪು ಫೋಟೋವನ್ನು ದೊಡ್ಡದು ಮಾಡಿಸಿ, ಕಪ್ಪು ಫ್ರೇಮು ಕಟ್ಟಿಸಿ ಮನೆಗೆ ತಂದರೆ ನಮ್ಮಲ್ಲಿ ಅದಕ್ಕೆ ಇನ್ನೇನು ಅರ್ಥ? ಬದುಕಿರುವವರ ಫೋಟೋವನ್ನು ಯಾರು ಅಷ್ಟು ದೊಡ್ಡದು ಮಾಡಿಸುತ್ತಾರೆ? ನಮ್ಮಪ್ಪ ತೀರಿಕೊಂಡ ಹನ್ನೊಂದನೆಯ ದಿನ ನಾನೇ ಹಾಗೆ ಮಾಡಿಸಿ ತಂದಿದ್ದೆ. ಅದರ ಇನ್ನೊಂದು ಪ್ರತಿ ಇಲ್ಲಿನ ನಮ್ಮ ಹಾಲಿನಲ್ಲೂ ಇದೆ. ಅಪ್ಪನ ಫೋಟೋಗೆಂದು ಅಮ್ಮ ಪ್ರತಿ ಸಲ ಮೈಸೂರಿನಿಂದ ಹೊಸ ಗಂಧದ ಹಾರ ತರುತ್ತಾಳೆ. ಪಾಪ, ಇವನಿಗೆ ಯಾರೂ ಹಾಕಿಲ್ಲವಲ್ಲ ಎಂದು ಮರುಗಿ, ಅಪ್ಪನಿಗೆ ತಂದ ಹೊಸ ಹಾರವನ್ನು ಇವನಿಗೆ ಕೊಟ್ಟು, ಅಪ್ಪನನ್ನು ಹೋದ ವರ್ಷದ ಹಾರದಲ್ಲೇ ನಿಲ್ಲಿಸಿದ್ದಳು.

ಅಜ್ಜಿ ವಾಸನೆ ಹಿಡಿದು ಮೇಜಿನ ಹತ್ತಿರ ಹೋದರು. ಬೆರಳು ಫ್ರೇಮು ಮುಟ್ಟಿತು, ಗಾಜು ಮುಟ್ಟಿತು, ಹಾರ ಸಿಕ್ಕಿತು. ಒಂದೊಂದೇ ಎಳೆಯನ್ನು ಸವರಿ, "ಅಮ್ಮ ಹುರುಳಿಕಾಯಿ ಪೋಣಿಸ್ತಿದ್ದ ಹಾಗಿದೆ. ಯಾರದಿದು?" ಎಂದರು.

"ಅರ್ಲ್‌ದು" ಎಂದೆ.

"ಓಹ್." ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಲ್ಲಿ ಬಹಳ ಹೊತ್ತು ನೋಡಿದರು. "ಈಗ ಕಾಣ್ತಾನೆ. ಕೂದಲು ಕಾಣುತ್ತೆ. ಇದೇನಿದು ಕೊರಳಲ್ಲಿ, ಯಾಕೆ?"

ನಾವು ಅತಿಥಿಗಳಿಗೂ ಹಾರ ಹಾಕುತ್ತೇವೆ, ಮಂತ್ರಿಗಳಿಗೂ ಹಾಕುತ್ತೇವೆ, ಗೌರವಕ್ಕೆ ಎಂದುಬಿಡಬಹುದಿತ್ತು. ಸುಳ್ಳೂ ಅಲ್ಲ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಆಕೆಗೆ ಬರುವ ಇಂಗ್ಲಿಷು ಹತ್ತು ಪದ. ಅಜ್ಜಿಯ ಕೈಯನ್ನು ಮೃದುವಾಗಿ ಹಿಡಿದು ಪಕ್ಕದ ಗೋಡೆಗೆ ಕರೆದೊಯ್ದು, ಅಪ್ಪನ ಫೋಟೋದ ಹಾರವನ್ನು ಮುಟ್ಟಿಸಿದಳು. "ಮೈ ಹಸ್ಬೆಂಡ್" ಎಂದಳು. ಆಮೇಲೆ ಅರ್ಲ್‌ನ ಕಡೆ ತಿರುಗಿಸಿ, ಸಮಾಧಾನ ಹೇಳುವ ದನಿಯಲ್ಲಿ, "ಸೇಮ್" ಎಂದಳು.

ಅಪ್ಪ ತೀರಿಕೊಂಡದ್ದು ಅಜ್ಜಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಅವರ ಕೈ ಹಾರದ ಮೇಲೆ ಹಾಗೇ ನಿಂತಿತು. ವಿದ್ಯಾ ಪಾಯಸದ ಸೌಟು ಹಿಡಿದು ಬಾಗಿಲಲ್ಲಿ ನಿಂತಳು.

"ಹೋದವರಿಗೆ ಹಾಕೋದಾ ಇದನ್ನ?" ಎಂದರು ಅಜ್ಜಿ.

"ಹೌದು. ಅಮ್ಮನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ತಪ್ಪಾಯ್ತು."

ಅಮ್ಮನಿಗೆ ಕನ್ನಡದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಜಗಳ, ದೋಣಿ, ಒಂದೇ ಫೋನು, ಈ ನಂಬರು. ಅಮ್ಮ ಎರಡೂ ಕೆನ್ನೆ ಬಡಿದುಕೊಂಡಳು. "ಅಯ್ಯೋ ರಾಮ, ಬದುಕಿರೋನಿಗೆ ಹಾಕ್ಬಿಟ್ನಲ್ಲೋ! ಬಾಯಲ್ಲೇನು ಕಡುಬಿಟ್ಕೊಂಡಿದ್ಯಾ ನೀನು? ಎರಡು ನಿಮಿಷ ಕೂತು ಹೇಳಕ್ಕೇನಾಗಿತ್ತು?" ಎನ್ನುತ್ತಲೇ ದೀಪ ಪಕ್ಕಕ್ಕೆ ಸರಿಸಿ, ಹಾರ ತೆಗೆದು, ಸೆರಗಿನಿಂದ ಗಂಧದ ಬೊಟ್ಟನ್ನು ಒರೆಸಿದಳು. ಒರೆಸಿದ ಮೇಲೆ ಏನೋ ನೆನಪಾಗಿ ಮುಖ ಸ್ವಲ್ಪ ಅರಳಿತು. "ಹೇಳೋ ಅವರಿಗೆ. ಬದುಕಿರೋರನ್ನ ಸತ್ತರು ಅಂದ್ರೆ ಆಯಸ್ಸು ಹೆಚ್ಚಾಗುತ್ತಂತೆ. ನಮ್ಮ ಕಡೆ ಎಲ್ಲಾರೂ ಹೇಳ್ತಾರೆ ಅಂತ ಹೇಳೋ."

ಹೇಳಿದೆ. ಹೇಳುವಾಗ ನಾನು ನೆಲ ನೋಡುತ್ತಿದ್ದೆ. ಯಾಕೆಂದರೆ ಹಾರ ಹಾಕಿದವಳು ಅಮ್ಮನಾದರೂ, ತೊಂಬತ್ತೊಂದು ಎಂದು ಕೇಳಿದ ದಿನವೇ ನಾನು ಮನಸ್ಸಿನಲ್ಲಿ ಹಾಕಿಬಿಟ್ಟಿದ್ದೆ. ಇಲ್ಲದಿದ್ದರೆ ಆ ಕಪ್ಪು ಫ್ರೇಮು ನನಗೆ ಹೇಗೆ ಹೊಳೆಯುತ್ತಿತ್ತು?

ಅಜ್ಜಿ ನಕ್ಕರು. "ಹಾಗಾದ್ರೆ ಅರ್ಲ್‌ಗೆ ನೂರು ಗ್ಯಾರಂಟಿ. ಅಪ್ಪ ಪ್ರತಿ ಕ್ರಿಸ್‌ಮಸ್‌ಗೂ ಅವನು ನನ್ನ ಪಾಲಿಗೆ ಸತ್ತ ಅಂತಿದ್ರು." ಊಟಕ್ಕೆ ಕೂತರು. ಹುರುಳಿಕಾಯಿ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡರು. ಅಮ್ಮ ಹಾರವನ್ನು ಅಪ್ಪನ ಫೋಟೋಗೂ ಹಾಕದೆ, ಬೀರುವಿನಲ್ಲೂ ಇಡದೆ, ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಹೊರಡುವಾಗ ಅಜ್ಜಿ ಆ ಕಡೆ ಕೈ ಚಾಚಿದರು.

"ಅದನ್ನೂ ಕೊಡಿ. ಬೇರೆಯಾಗಿ ಕಟ್ಟಿಕೊಡಿ, ಫೋಟೋ ಜೊತೆ ಬೇಡ."

ಅಮ್ಮ ನನ್ನ ಮುಖ ನೋಡಿದಳು. ನಾನು ಅಜ್ಜಿಯ ಮುಖ ನೋಡಿದೆ.

"ಬೇಕಾದ ದಿನ ನಾನೇ ಹಾಕ್ತೀನಿ" ಎಂದರು ಅಜ್ಜಿ. "ಇವತ್ತಲ್ಲ."

ಅಮ್ಮ ತನ್ನ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಹಾರ ಸುತ್ತಿ ಅವರ ಕೈಗಿಟ್ಟಳು. ಬಾಗಿಲ ತನಕ ಹೋದ ಅಜ್ಜಿ ತಿರುಗಿ, ಬುಧವಾರ ಫೋನ್ ಕತ್ತರಿಸುತ್ತಾರೆ, ಬೆಳಿಗ್ಗೆಯೋ ಮಧ್ಯಾಹ್ನವೋ ಗೊತ್ತಿಲ್ಲ, ಎಂದರು. ಕೇಳುವವರ ದನಿ ಅಲ್ಲ, ಸುಮ್ಮನೆ ಹೇಳುವವರ ದನಿ. ನಾನು ಯೋಚಿಸದೆ, "ಆ ನಂಬರ್ ನಮ್ಮನೆಗೆ ಹಾಕಿಸ್ಕೋತೀನಿ. ನಿಮ್ಮಣ್ಣ ಫೋನ್ ಮಾಡಿದ್ರೆ ಇಟಾಸ್ಕಾ ನಂಬರ್ ಕೊಡ್ತೀನಿ" ಎಂದೆ. ವಿದ್ಯಾಳ ಹುಬ್ಬು ಏರಿದ್ದು ಬೆನ್ನಿಗೇ ಗೊತ್ತಾಯಿತು. ಅಜ್ಜಿ ನನ್ನ ಕೆನ್ನೆ ಎಲ್ಲಿದೆಯೆಂದು ಹುಡುಕಿ ತಟ್ಟಿದರು. ಆ ವಾರ ನಂಬರಿನ ಜೊತೆಗೆ ಅವರ ಹಳೆಯ ಫೋನೂ ನಮ್ಮ ಮನೆಗೆ ಬಂತು.

ಈಗ ಪ್ರತಿ ಭಾನುವಾರ ಅವರ ಐದಕ್ಕೆ, ನಮ್ಮ ಆರಕ್ಕೆ, ನಾನು ಇಟಾಸ್ಕಾಕ್ಕೆ ಫೋನ್ ಮಾಡುತ್ತೇನೆ. ವಾರದ ವರದಿ ಒಪ್ಪಿಸುತ್ತೇನೆ: ವಾರಂಟಿ ಹದಿನೆಂಟು, ಚಾವಣಿ ಒಂಬತ್ತು, ಧೂಳು ಆರು. ಅಜ್ಜಿ ಹೂಂ ಹೂಂ ಎನ್ನುತ್ತಾ ಕೇಳುತ್ತಾರೆ. ಅವರ ಕಿಟಕಿಯಾಚೆ ವಿಮಾನ ಇಳಿಯುವ ಸದ್ದು ನನಗೂ ಕೇಳುತ್ತದೆ. ಹಾರದ ವಿಷಯ ನಾನು ಎತ್ತುವುದಿಲ್ಲ. ಅವರೇ ಕೊನೆಗೆ, "ನಿಮ್ಮಮ್ಮಂಗೆ ಹೇಳು, ಡ್ರಾಯರ್ ತುಂಬಾ ಘಮಘಮ ಅನ್ನುತ್ತೆ" ಎನ್ನುತ್ತಾರೆ. ಅಂದರೆ ಅದು ಇನ್ನೂ ಡ್ರಾಯರಿನಲ್ಲೇ ಇದೆ.

ಮೊದಲ ತಿಂಗಳಲ್ಲೇ ಒಮ್ಮೆ ಕೇಳಿದರು: "ಅವನು ಮಾಡಿದ್ರೆ ಏನಂತೀಯ?"

"ಹಲೋ ಅಂತೀನಿ. ಒಂದು ನಿಮಿಷ ಇರಿ, ನಂಬರ್ ಕೊಡ್ತೀನಿ ಅಂತೀನಿ."

"ಬೇಡ ಬೇಡ!" ಅಜ್ಜಿ ಗಾಬರಿಯಾದರು. "ಇರಿ ಅನ್ಬೇಡ ಹನೀ. ಅವನು ಇರೋನಲ್ಲ. ಮೊದಲು ನಂಬರ್ ಹೇಳು, ಆಮೇಲೆ ಹಲೋ ಅನ್ನು."

ಅಂದಿನಿಂದ ಹಾಗೇ ಮಾಡುತ್ತಿದ್ದೇನೆ. ಫೋನ್ ಎತ್ತಿದ ತಕ್ಷಣ ಹಲೋ ಎನ್ನುವುದಿಲ್ಲ. ಡಾಟಿ ಈಗ ಇಲ್ಲಿದ್ದಾರೆ ಎಂದು ಇಟಾಸ್ಕಾದ ಹತ್ತು ಅಂಕಿಗಳನ್ನು ಎರಡು ಸಲ ಬಿಡಿಸಿ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಆ ಕಡೆ ನಾಲ್ಕೈದು ಕ್ಷಣ ಏನೂ ಕೇಳುವುದಿಲ್ಲ. ಯಂತ್ರ ಕರೆ ಮಾಡಿದಾಗ ಮನುಷ್ಯ ಬಂದು ಸೇರಿಕೊಳ್ಳಲು ಅಷ್ಟು ಹೊತ್ತು ಬೇಕು ಎಂದು ಇಂಜಿನಿಯರನಾದ ನನಗೆ ಗೊತ್ತು. ಗೊತ್ತಿದ್ದೂ ಆ ನಾಲ್ಕೈದು ಕ್ಷಣ ನಾನು ಅಲುಗಾಡುವುದಿಲ್ಲ. ಅಮ್ಮ ಅದನ್ನು ದೂರದಿಂದ ನೋಡಿ, "ಈ ಬುದ್ಧಿ ಆವತ್ತು ಸ್ಟುಡಿಯೋದಲ್ಲಿ ಬಂದಿದ್ರೆ" ಎಂದಿದ್ದಳು.

ಕಳೆದ ವಾರ ಶೆರಿಲ್ ಫೋನ್ ಮಾಡಿದಳು, ಸಿಟ್ಟಿನಲ್ಲಿದ್ದಳು. ಇಷ್ಟು ದಿನ ಇಲ್ಲದ್ದು, ಈಗ ಇಟಾಸ್ಕಾದ ಅವರ ಫೋನಿಗೂ ವಾರಂಟಿಯವರು, ಚಾವಣಿಯವರು ದಿನವಿಡೀ ಕರೆ ಮಾಡುತ್ತಿದ್ದಾರಂತೆ. ಅವಳಮ್ಮ ಗೋಡೆ ಹಿಡಿದುಕೊಂಡು ಓಡುತ್ತಾರಂತೆ. ಯಾರು ಅವರಿಗೆ ನಂಬರ್ ಕೊಟ್ಟದ್ದು ಎಂದಳು. ನಾನು ನಾಲಿಗೆ ಕಚ್ಚಿಕೊಂಡು, ಇನ್ನು ಮುಂದೆ ಹೇಳುವುದಿಲ್ಲ, ಕ್ಷಮಿಸಿ ಎನ್ನುತ್ತಿದ್ದೆ. ಅಷ್ಟರಲ್ಲಿ ಆ ಕಡೆ ಸಣ್ಣ ಎಳೆದಾಟ ನಡೆದು, ಅಜ್ಜಿಯ ದನಿ ಬಂತು.

"ಅವಳ ಮಾತು ಕೇಳ್ಬೇಡ ಹನೀ. ಎಲ್ಲಾರಿಗೂ ಹೇಳ್ತಾ ಇರು."